ಹಲಗೆಗೆ ಚುಚ್ಚಿದ ಮಾತು

ಇಂಗ್ಲೆಂಡಿನ ಆ ಸಣ್ಣ ಫುಟ್‌ಬಾಲ್ ಕ್ಲಬ್ಬಿಗೆ ಗಾರ್ಸೈಡ್ ಹದಿನೆಂಟು ವರ್ಷ ಡಿಫೆಂಡರ್ ಆಗಿ ಆಡಿದ್ದ. ಎದುರಾಳಿಗಳು ಪತ್ರಿಕೆಗೆ ಹೇಳಿದ ಕೊಂಕು ಮಾತುಗಳನ್ನು ಕತ್ತರಿಸಿ, ಡ್ರೆಸ್ಸಿಂಗ್ ರೂಮಿನ ಹಲಗೆಗೆ ಚುಚ್ಚಿಡುವುದು ಕೋಚ್‌ನ ಪದ್ಧತಿ. ಅವನ್ನು ಓದಿದರೆ ಗಾರ್ಸೈಡ್‌ಗೆ ಮೈ ಉರಿಯುತ್ತಿತ್ತು. ಉರಿದಷ್ಟೂ ಚೆನ್ನಾಗಿ ಆಡುತ್ತಿದ್ದ. ಹೆಚ್ಚು ಉರಿಸಿದ್ದು ಹ್ಯಾಲಮ್‌ನ ಮಾತು. ಒಂದೇ ಬೀದಿಯಲ್ಲಿ ಬೆಳೆದ ಗೆಳೆಯ, ಈಗ ಎದುರಾಳಿ ತಂಡವೊಂದರ ಸ್ಟ್ರೈಕರ್. ಅವನ ಮಾತಿನ ಮೊದಲ ತುಂಡು ಹಲಗೆಗೇರಿದಂದಿನಿಂದ ಇಬ್ಬರೂ ಮಾತು ಬಿಟ್ಟು ಹದಿನೈದು ವರ್ಷವಾಗಿತ್ತು.

ಗಾರ್ಸೈಡ್‌ನ ಕೊನೆಯ ಪಂದ್ಯ ಹ್ಯಾಲಮ್‌ನ ತಂಡದ ಎದುರೇ ಇತ್ತು. ಅದು ಮುಗಿದ ಮೇಲೆ ಹ್ಯಾಲಮ್ ತಾನೇ ಡ್ರೆಸ್ಸಿಂಗ್ ರೂಮಿಗೆ ಬಂದ.

“ಇವತ್ತಾದ್ರೂ ಬೇರೆ ಆಟಗಾರರ ಹಾಗೆ ಶರ್ಟ್ ಬದಲಾಯಿಸ್ಕೊಳ್ಳೋಣ ಕಣೋ.”

ಗಾರ್ಸೈಡ್ ಹಲಗೆಯಿಂದ ಅಂದಿನ ಪೇಪರ್ ತುಂಡನ್ನು ಕಿತ್ತು ಅವನ ಮುಖಕ್ಕೆ ಹಿಡಿದ. “ಬೆಳಿಗ್ಗೆ ನನ್ನನ್ನ ಕುಂಟು ಕತ್ತೆ ಅಂದವನು, ಈಗ ಶರ್ಟ್ ಕೇಳೋಕೆ ಬಂದ್ಯಾ?”

“ನಾನು ಪೇಪರಿನವರ ಹತ್ರ ಮಾತಾಡೋದೇ ಇಲ್ವಲ್ಲೋ.”

“ಸುಳ್ಳು ಬೊಗಳಬೇಡ. ಅಚ್ಚಾಗಿದೆ, ಓದು.”

ಹ್ಯಾಲಮ್ ಓದಿದ. ಆಮೇಲೆ ತಿರುಗಿಸಿ ನೋಡಿದ.

“ಪೇಪರಿನ ತುಂಡು ಅಂದ್ರೆ, ಹಿಂದೆನೂ ಏನಾದ್ರೂ ಅಚ್ಚಾಗಿರ್ಬೇಕಲ್ವೇನೋ?”

ಗಾರ್ಸೈಡ್ ಹಲಗೆಯ ಮೇಲೆ ಕೋಚ್ ಚುಚ್ಚಿಟ್ಟಿದ್ದ ಹಳೆಯ ತುಂಡುಗಳನ್ನೆಲ್ಲ ಒಂದೊಂದಾಗಿ ಕಿತ್ತು ತಿರುಗಿಸಿದ. ಹದಿನೈದು ವರ್ಷದ ಒಂದೊಂದು ತುಂಡಿನ ಹಿಂಬದಿಯೂ ಖಾಲಿಯಿತ್ತು.