ಗುರುವಾರದ ಆಕ್ಷೇಪಣೆಗಳು

"ಮಿಂಚುಳ್ಳಿಯ ಹೆಗಲು ಅರ್ಧ ಬೆರಳು ಕೆಳಗಿದೆ," ಎಂದು ಅವನು ಸ್ಕೇಲನ್ನು ಪುಟದ ಮೇಲಿಟ್ಟ.

"ಹೆಗಲು ಹಾಗಿರಲಿ. ನಮ್ಮ ಕತ್ತಲರಾಯನ ನೆರಳು ಅವಳ ನೆರಳಿಗಿಂತ ಗಿಡ್ಡ," ಎಂದಳು ಎದುರು ಕೂತವಳು, ಅವನ ಮುಖ ನೋಡದೆ.

ಚಿತ್ರಗಾರ್ತಿ ರಬ್ಬರು ಕೈಗೆತ್ತಿಕೊಂಡಳು. ಇದು ಮೂವತ್ತೊಂಬತ್ತನೆಯ ಗುರುವಾರ.

ಮಿಂಚುಳ್ಳಿ ಒಂದು ಪ್ರಕಾಶನದ ಕಾಮಿಕ್ಸ್ ನಾಯಕಿ. ಕತ್ತಲರಾಯ ಅದರ ಬದ್ಧವೈರಿ ಪ್ರಕಾಶನದ ನಾಯಕ. ಇಬ್ಬರನ್ನೂ ಒಂದೇ ಪುಸ್ತಕಕ್ಕೆ ತರಲು ಎರಡು ಸಂಸ್ಥೆಗಳೂ ಹೇಗೋ ಒಪ್ಪಿದ್ದವು. ಷರತ್ತುಗಳೇ ಹನ್ನೆರಡು ಹಾಳೆ. ಯಾರೂ ಗೆಲ್ಲಬಾರದು, ಯಾರೂ ಸೋಲಬಾರದು. ಕೊಟ್ಟಷ್ಟೇ ಹೊಡೆತ ತಿನ್ನಬೇಕು. ಪ್ರತಿ ಪುಟಕ್ಕೂ ಎರಡೂ ಕಡೆಯ ಪ್ರತಿನಿಧಿಗಳ ಸಹಿ ಬೀಳಬೇಕು. ಹಳೆಯ ಕೋರ್ಟು ಜಗಳದಿಂದಾಗಿ, ಒಂದು ಸಂಸ್ಥೆಯ ನೌಕರರು ಇನ್ನೊಂದರವರ ಜೊತೆ ಚಿತ್ರಗಾರ್ತಿಯ ಈ ಕೋಣೆಯ ಹೊರಗೆ ಮಾತಾಡಿದರೆ ಕೆಲಸವೇ ಹೋಗುತ್ತಿತ್ತು.

ಇವರಿಬ್ಬರಿಗೆ ಆ ನಿಯಮವೇ ಬೇಕಿರಲಿಲ್ಲ ಎಂದು ಚಿತ್ರಗಾರ್ತಿಗೆ ಅನಿಸುತ್ತಿತ್ತು. ಹಾವು ಮುಂಗುಸಿ. ಕಣ್ಣಿಗೆ ಕಣ್ಣು ಸೇರಿಸಿದವರಲ್ಲ. ಕತ್ತಲರಾಯನ ಕಡೆಯವಳು ಬಾಯಿ ತೆರೆದರೆ ಸಾಕು, ಮಿಂಚುಳ್ಳಿಯ ಕಡೆಯವನ ಕಿವಿ ಕೆಂಪಾಗುತ್ತಿತ್ತು. ಜಗಳಕ್ಕೆ ಎಷ್ಟು ಆತುರವೆಂದರೆ, ಇಬ್ಬರೂ ಅರ್ಧ ಗಂಟೆ ಮೊದಲೇ ಬಂದು, ಬೀಗ ತೆಗೆಯುವವರೆಗೆ ಮೆಟ್ಟಿಲ ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತಿರುತ್ತಿದ್ದರು. ಒಂದು ತಪ್ಪು ತಿದ್ದಿದರೆ ಇನ್ನೊಂದು. "ಮುಂದಿನ ಗುರುವಾರ ನೋಡೋಣ."

"ನಾನು ಪುಟಗಳನ್ನ ಮೇಲ್ ಮಾಡಿಬಿಡ್ತೀನಿ, ನೀವು ನಿಮ್ಮ ನಿಮ್ಮ ಆಫೀಸಲ್ಲೇ ನೋಡಿ," ಎಂದು ಚಿತ್ರಗಾರ್ತಿ ಒಮ್ಮೆ ಹೇಳಿದ್ದಳು.

"ಬೇಡ!" ಎಂದಿದ್ದರು ಇಬ್ಬರೂ. ಅವರು ಒಮ್ಮತದಿಂದ ಆಡಿದ ಮಾತು ಅದೊಂದೇ.

ನಲವತ್ತೇಳು ಪುಟಗಳಿಗೆ ಸಹಿ ಬಿದ್ದಿತ್ತು. ಉಳಿದದ್ದು ಕೊನೆಯದು, ಮಿಂಚುಳ್ಳಿ ಕತ್ತಲರಾಯ ಎದುರುಬದುರು ನಿಲ್ಲುವ ಪುಟ. ಅದೊಂದಕ್ಕಾಗಿಯೇ ಚಿತ್ರಗಾರ್ತಿ ಈ ಕೆಲಸ ಹಿಡಿದದ್ದು. ಚಿಕ್ಕಂದಿನಲ್ಲಿ ಅವಳದು ಮಿಂಚುಳ್ಳಿ, ಅಕ್ಕನದು ಕತ್ತಲರಾಯ. ಇಬ್ಬರನ್ನೂ ಕತ್ತರಿಸಿ ಹಳೆಯ ನೋಟುಬುಕ್ಕಿಗೆ ಅಂಟಿಸಿ, ಯಾರು ಗೆಲ್ಲುತ್ತಾರೆಂದು ಜಡೆ ಹಿಡಿದು ಕಿತ್ತಾಡಿದ್ದರು. ಅಳತೆ ತಪ್ಪಿ ಕತ್ತಲರಾಯ ಮಿಂಚುಳ್ಳಿಯ ಮೊಣಕಾಲಷ್ಟೇ ಎತ್ತರವಿದ್ದ. ಆದರೂ ಅಷ್ಟು ಮಜಾ ಅಂಗಡಿಯ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

"ಸೇರಿಸಿದ್ಯೇನೇ ಇಬ್ರನ್ನೂ?" ಅಕ್ಕ ಫೋನಿನಲ್ಲಿ ಕೇಳುತ್ತಿದ್ದಳು. "ನಾನು ಮುದುಕಿ ಆಗೋದ್ರೊಳಗೆ ಆಗುತ್ತೋ ಇಲ್ವೋ?"

"ಅವರೇನೋ ರೆಡೀನೇ ಅಕ್ಕ. ಈ ಇಬ್ರು ಬಿಡ್ಬೇಕಲ್ಲ."

ಆ ವಾರ ಎರಡೂ ಸಂಸ್ಥೆಗಳಿಂದ ಪತ್ರ ಬಂತು: ಬರುವ ಗುರುವಾರ ಸಂಜೆ ಐದರೊಳಗೆ ಸಹಿಯಾಗದಿದ್ದರೆ ಪುಸ್ತಕ ರದ್ದು.

ಅವಳು ಹೆಗಲು, ನೆರಳು, ಮೂಗಿನ ತುದಿ ಎಲ್ಲವನ್ನೂ ಅಳೆದು ಸಮ ಮಾಡಿದಳು. ನಲವತ್ತನೆಯ ಗುರುವಾರ ಇಬ್ಬರೂ ಬಂದರು. ಕುತ್ತಿಗೆಯಲ್ಲಿ ಸಂಸ್ಥೆಯ ಬ್ಯಾಡ್ಜು ಕೂಡ ಇರಲಿಲ್ಲ. ಕೊನೆಯ ದಿನಕ್ಕೆ ಇಷ್ಟೇ ಮರ್ಯಾದೆ ಎಂದುಕೊಂಡಳು.

ಅವನು ಪುಟವನ್ನು ತುಂಬ ಹೊತ್ತು ನೋಡಿದ. "ಚೆನ್ನಾಗಿದೆ."

"ಹೂಂ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ," ಎಂದಳು ಎದುರಿನವಳು.

"ಹಾಗಾದ್ರೆ ಸಹಿ ಹಾಕಿ."

ಇಬ್ಬರೂ ತಲೆ ತಗ್ಗಿಸಿದರು.

"ಆಗಲ್ಲ, ಮೇಡಂ."

"ನನ್ನ ಕೈಲೂ ಆಗಲ್ಲ. ತಪ್ಪು ತಿಳ್ಕೋಬೇಡಿ."

ಚಿತ್ರಗಾರ್ತಿ ಕೈಮುಗಿದಳು. ಆಮೇಲೆ ರೇಗಿದಳು. "ಒಬ್ಬರ ಮೇಲೊಬ್ಬರಿಗೆ ಸಿಟ್ಟಿದ್ರೆ ನನ್ನ ಹೊಟ್ಟೆ ಯಾಕ್ರೀ ಉರಿಸ್ತೀರಿ?"

ಇಬ್ಬರೂ ಚೀಲ ಎತ್ತಿಕೊಂಡರು. ಒಬ್ಬರ ಹಿಂದೊಬ್ಬರು ಮೆಟ್ಟಿಲಿಳಿದು ಹೋದರು.

ಚಿತ್ರಗಾರ್ತಿ ಎರಡೂ ಆಫೀಸಿಗೆ ಫೋನ್ ಮಾಡಿದಳು. ಎರಡೂ ಕಡೆ ಒಂದೇ ಉತ್ತರ: ಬೆಳಿಗ್ಗೆಯೇ ರಾಜೀನಾಮೆ ಕೊಟ್ಟರು, ಅವರ ಸಹಿ ಇನ್ನು ನಡೆಯುವುದಿಲ್ಲ, ಬೇರೆಯವರನ್ನು ಐದರೊಳಗೆ ಎಲ್ಲಿಂದ ತರುವುದು?

ಒಂದು ಹಾಳೆಯ ಮೇಲೆ ಜೊತೆಯಾಗಿ ಹೆಸರು ಬರೆಯುವ ಬದಲು ಕೆಲಸವನ್ನೇ ಬಿಟ್ಟರಲ್ಲ! ಇಂಥ ದ್ವೇಷದ ಮುಂದೆ ಯಾರೇನು ಮಾಡಿಯಾರು? ಐದು ಹೊಡೆಯಿತು. ಅವಳು ಎದ್ದು ಕಿಟಕಿ ತೆರೆದಳು.

ಕೆಳಗೆ ಗೇಟಿನ ಬಳಿ, ಒಂದೇ ಸ್ಕೂಟರಿನ ಪಕ್ಕ, ಮಿಂಚುಳ್ಳಿಯ ಕಡೆಯವನು ಕತ್ತಲರಾಯನ ಕಡೆಯವಳ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದ. ಬಿಗಿದು ಮುಗಿದ ಮೇಲೂ ಅವಳು ಅವನ ಮುಖದಿಂದ ಕಣ್ಣು ಕೀಳಲಿಲ್ಲ.