ಮೂರನೇ ಸಾಲಿನ ಇಟ್ಟಿಗೆಗಳು

ಯಜಮಾನರ ಬೆರಳು ಟಿ.ವಿ. ಪರದೆಯನ್ನು ಕುಕ್ಕುತ್ತಿತ್ತು. ಆಟದ ಮೊದಲ ಕೋಟೆಗೋಡೆ, ಕೆಳಗಿನಿಂದ ಮೂರನೇ ಸಾಲಿನ ಇಟ್ಟಿಗೆಗಳು. ಅವುಗಳ ಮೇಲೆ ಯಾರೋ ‘ಗುಬ್ಬಿ’ ಎಂದು ಬರೆದಿದ್ದರು.

“ಯಾರ ಕಿತಾಪತಿ ಇದು?”

ಇಂಜಿನಿಯರ್ ಹುಡುಗಿ ಪರದೆಯ ಕಡೆ ತಿರುಗಿಯೂ ನೋಡಲಿಲ್ಲ. ಆಟ ನಿಮ್ಮ ಕಾಲದ್ದು, ನಿಮಗೇ ಗೊತ್ತಿರಬೇಕು ಎಂದಳು.

ಮಾತು ಸುಳ್ಳಲ್ಲ. ಕಂಪನಿಗೆ ಅನ್ನ ಹಾಕಿದ ಆಟ ಅದು. ಆಗಿನ ಡಬ್ಬಾ ಟಿ.ವಿ.ಗಳಲ್ಲಿ ಒಂದು ಬಣ್ಣ ಇನ್ನೊಂದಕ್ಕೆ ಹರಡಿಕೊಂಡು ಗೋಡೆಯೆಲ್ಲ ಮಸುಕಾಗಿರುತ್ತಿತ್ತು. ಅಕ್ಷರವನ್ನು ಧೂಳೆಂದುಕೊಂಡು ಜನ ಮುಂದೆ ಓಡುತ್ತಿದ್ದರು. ಈಗ ಇವಳು ಮಾಡಿದ ಪುಟ್ಟ ಪೆಟ್ಟಿಗೆಯನ್ನು ಅಟ್ಟದ ಮೇಲಿನ ಹಳೆಯ ಗೇಮ್ ಯಂತ್ರಕ್ಕೆ ಸಿಕ್ಕಿಸಿದರೆ ಸಾಕು, ಹೊಸ ಟಿ.ವಿ.ಯಲ್ಲಿ ಒಂದೊಂದು ಚುಕ್ಕೆಯೂ ಬಿಡಿಬಿಡಿಯಾಗಿ ನಿಲ್ಲುತ್ತದೆ. ಹಳೆಯ ಯಂತ್ರದ ಉಸಾಬರಿ ಯಾಕೆ ಎಂದು ಎಲ್ಲರೂ ಮೂಗು ಮುರಿದಾಗ ಹಟ ಹಿಡಿದವಳೂ ಇವಳೇ. ಪರೀಕ್ಷೆಗೆ ಯಾವಾಗಲೂ ಈ ಗೋಡೆಯನ್ನೇ ಹಾಕುತ್ತಿದ್ದಳು. ಇಟ್ಟಿಗೆ ಸರಿ ಬಂದರೆ ಎಲ್ಲ ಸರಿ ಬಂದ ಹಾಗೆ ಎನ್ನುತ್ತಿದ್ದಳು.

ಯಜಮಾನರಿಗೆ ನೆನಪಾಯಿತು. ಚಿತ್ರ ಬರೆಯಲು ದಪ್ಪ ಕನ್ನಡಕದ ಹೆಂಗಸೊಬ್ಬಳಿದ್ದಳು. ಈ ಕೋಟೆ ಬರೆಯುತ್ತಿದ್ದಾಗಲೇ ಬಸುರಿಯಾದಳು. ಬಸುರಿಗೆ ಕಂಪ್ಯೂಟರ್ ಮುಂದೆ ಏನು ಕೆಲಸ ಎಂದು ಇವರೇ ಮನೆಗೆ ಕಳಿಸಿದ್ದರು. ಆಟದಲ್ಲಿ ಚಿತ್ರ ಬರೆದವರೆಂದು ಅವಳ ಹೆಸರಿದ್ದ ಜಾಗದಲ್ಲಿ ತಮ್ಮ ಹೆಸರು ಕೂರಿಸಿದ್ದರು. ಇದನ್ನೆಲ್ಲ ಹೇಳುವಾಗ ಅವರಿಗೆ ನಾಚಿಕೆಯೇನೂ ಆಗಲಿಲ್ಲ.

“ಆಗ ನಾನು ಸಣಕಲ. ನನ್ನನ್ನೇ ಗುಬ್ಬಿ ಅಂತ ಆಡ್ಕೊಂಡಿದ್ದಾಳೆ,” ಎಂದು ಹಲ್ಲು ಕಡಿದರು. “ಆ ಗೋಡೆ ಮಾತ್ರ ಮೊದಲಿನ ಹಾಗೆ ಮಸುಕು ಮಾಡು.”

“ಮಾಡಲ್ಲ ಸಾರ್.”

“ಕೆಲಸ ಹೋಗುತ್ತೆ.”

“ಹೋಗಲಿ. ಒಂದೊಂದು ಚುಕ್ಕೇನೂ ಕಾಣಿಸುತ್ತೆ ಅಂತ ಜಾಹೀರಾತು ಕೊಟ್ಟಿರೋದು ನೀವು. ಮುಚ್ಚೋ ಕೆಲಸ ನನ್ನ ಕೈಲಿ ಆಗಲ್ಲ.”

ಅಷ್ಟು ನೆಟ್ಟಗೆ ಅವರಿಗೆ ಯಾರೂ ಎದುರಾಡಿರಲಿಲ್ಲ. ಆದರೆ ಪೆಟ್ಟಿಗೆಯ ಬಿಡುಗಡೆ ಮರುದಿನವೇ ಇತ್ತು, ಅದರ ಒಳಗುಟ್ಟು ಬಲ್ಲವಳು ಇವಳೊಬ್ಬಳೇ. ಯಜಮಾನರು ಕೋಪ ನುಂಗಿಕೊಂಡರು. ನಾಳೆ ಆಡಿ ತೋರಿಸುವಾಗ ಸೈನಿಕನನ್ನು ಆ ಗೋಡೆಯ ಹತ್ತಿರ ನಿಲ್ಲಿಸದೆ ಓಡಿಸಿಬಿಡು, ಆಮೇಲೆ ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದರು.

ಮರುದಿನ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಗೋಡೆಯಷ್ಟೇ ದೊಡ್ಡ ಪರದೆ. ಅವಳು ಓಡಿಸಲಿಲ್ಲ. ಆಟದ ಸೈನಿಕನನ್ನು ಸರಿಯಾಗಿ ಆ ಇಟ್ಟಿಗೆಗಳ ಮುಂದೆ ನಿಲ್ಲಿಸಿ ಗುಂಡಿಯಿಂದ ಬೆರಳೆತ್ತಿದಳು. ಪಿಸುಮಾತು ಸಾಲಿನಿಂದ ಸಾಲಿಗೆ ಹರಿಯಿತು. ಪತ್ರಕರ್ತನೊಬ್ಬ ಎದ್ದು, ಗುಬ್ಬಿ ಎಂದರೆ ಯಾರು ಎಂದು ಕೇಳಿಯೇಬಿಟ್ಟ.

ಯಜಮಾನರು ಇಂಥ ಎಷ್ಟೋ ಸಭೆಗಳಲ್ಲಿ ಪಳಗಿದವರು. ಮುಗುಳ್ನಕ್ಕರು.

“ನಾನೇ. ಚಿಕ್ಕಂದಿನಲ್ಲಿ ಮನೇಲಿ ನನ್ನನ್ನ ಹಾಗೇ ಕರೀತಿದ್ರು. ಚಿತ್ರ ಬರೆದವನ ರುಜು ಅದು.”

ಚಪ್ಪಾಳೆಯೋ ಚಪ್ಪಾಳೆ. ಇಂಜಿನಿಯರ್ ಮಾತ್ರ ಕೈ ತಟ್ಟಲಿಲ್ಲ. ಕೊನೆಯ ಸಾಲಿನಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬರು ಎದ್ದು ನಿಂತರು. ಯಜಮಾನರ ನಗು ಅರ್ಧಕ್ಕೇ ನಿಂತಿತು. ಗದ್ದಲ ಅಡಗುವವರೆಗೆ ಆಕೆ ಕಾದರು. ಆಮೇಲೆ, ಊಟಕ್ಕೆ ಕರೆಯುವ ಹಾಗೆ, ಕರೆದರು.

“ಗುಬ್ಬೀ.”

ಇಂಜಿನಿಯರ್ ಮೈಕ್ ಎತ್ತಿಕೊಂಡಳು. “ಬಂದೆ, ಅಮ್ಮ.”