ಹಳದಿ ಟೋಪಿಯ ಕೆಳಗೆ

"ಟೋಪಿ ತೆಗೀಬೇಡಿ," ಎಂದ ಜೂಲಿಯನ್, ಮುಖದ ಮೇಲಿನ ನಗು ಕದಲಿಸದೆ. "ಕಪ್ಪು ಕನ್ನಡಕಾನೂ ಅಷ್ಟೇ. ಕ್ಯಾಮೆರಾ ನಿಮ್ಮ ಮೇಲೇ ಇದೆ."

ಎತ್ತಿದ ಕೈಯನ್ನು ಗ್ಲೆನಿಸ್ ಮಡಿಲಿಗೆ ಇಳಿಸಿದಳು. ಎದ್ದು ಹೋಗುವ ಹಾಗಿಲ್ಲ. ಬಲಕ್ಕೆ ಜೂಲಿಯನ್, ಎಡಕ್ಕೆ ಕೋಚ್, ಹಿಂದೆ ಸಾವಿರಾರು ಜನ. ಕೆಳಗೆ ಹುಲ್ಲಿನ ಮೇಲೆ ಕ್ಯಾರಿಸ್, ಫೈನಲ್ಲಿನ ಕೊನೆಯ ಸೆಟ್.

ಬ್ರಿಟನ್ನಿನ ಹೆಂಗಸರ ಟೆನಿಸ್ ಅಂದರೆ ಮೂಗು ಮುರಿಯುತ್ತಿದ್ದ ಟೀವಿಯವರು ಇವತ್ತು ಗಂಡಸರ ಪಂದ್ಯವನ್ನು ಪಕ್ಕಕ್ಕೆ ತಳ್ಳಿ ಇದನ್ನು ಹಾಕಿದ್ದರು. ಎಲ್ಲ ಜೂಲಿಯನ್‌ನ ಕರಾಮತ್ತು. ಪ್ರಚಾರಕ್ಕೆಂದೇ ಟೆನಿಸ್ ಸಂಘ ಅವನನ್ನು ಇಟ್ಟುಕೊಂಡಿತ್ತು. ಜನರಿಗೆ ಬ್ಯಾಕ್‌ಹ್ಯಾಂಡ್ ಬೇಕಿಲ್ಲ, ತಾಯಿ ಬೇಕು ಎಂದು ಅವನು ಬಂದ ಹೊಸತರಲ್ಲೇ ಕಂಡುಕೊಂಡ. ಸ್ವಾನ್ಸಿಯ ಪಾರ್ಕಿನಲ್ಲಿ ಟೀ ಮಾರಿ ಮಗಳಿಗೆ ಆಟ ಕಲಿಸಿದ ವಿಧವೆ. ಪ್ರತಿ ಪಂದ್ಯಕ್ಕೂ ಅದೇ ಹಳದಿ ಟೋಪಿ. ಈಗ ಬಸ್ಸುಗಳ ಮೈಮೇಲೆಲ್ಲ ಆ ಟೋಪಿ. ಪಾರ್ಕುಗಳಲ್ಲಿ ರ‍್ಯಾಕೆಟ್ ಹಿಡಿದು ಸಾಲು ನಿಂತ ಹುಡುಗಿಯರ ತಲೆಯ ಮೇಲೂ ಅದೇ. ಒಳ್ಳೆಯದೇ ಆಗಿತ್ತು, ಇಲ್ಲವೆನ್ನಲಾಗದು.

ಆದರೆ ಇವತ್ತು ಆ ಟೋಪಿಯ ಕೆಳಗೆ ಗ್ಲೆನಿಸ್ ಬೇಯುತ್ತಿದ್ದಳು.

ಇದೇ ಊರಿನ ಆಸ್ಪತ್ರೆಯಲ್ಲಿ, ಕಡಲ ದಾರಿ ಹಿಡಿದು ನಡೆದೇ ಹೋಗುವಷ್ಟು ಹತ್ತಿರದಲ್ಲಿ, ಅಕ್ಕ ಮೈರ್ ಮಲಗಿದ್ದಳು. ಪಂದ್ಯಕ್ಕೆಂದು ಇಬ್ಬರೂ ಜೊತೆಯಾಗಿ ಬಂದವರು. ನಿನ್ನೆ ಸಂಜೆ ಮೈರ್ ಎದೆ ಹಿಡಿದುಕೊಂಡು ಕುಸಿದಳು.

"ಹುಡುಗಿಗೆ ಹೇಳಿದ್ರೆ ನೋಡು ಮತ್ತೆ," ಎಂದು ಮಂಚದ ಮೇಲಿಂದಲೇ ಗದರಿದ್ದಳು. "ನೀನು ಹೋಗಿ ಸುಮ್ನೆ ಕೂತ್ಕೋ. ಆ ಜಾಗ ಖಾಲಿ ಕಂಡ್ರೆ ಅವಳು ಕೈಕಾಲು ಬಿಡ್ತಾಳೆ."

ಜೂಲಿಯನ್‌ಗೂ ಅದೇ ಬೇಕಿತ್ತು. ಬೆಳಿಗ್ಗೆಯೇ ಗ್ಲೆನಿಸ್‌ಳ ಫೋನು ಇಸಿದುಕೊಂಡಿದ್ದ. ಪಂದ್ಯದ ದಿನ ಆಟ ಮುಗಿಯುವವರೆಗೆ ಕ್ಯಾರಿಸ್ ಮನೆಯವರನ್ನು ಭೇಟಿಯಾಗುವವಳಲ್ಲ, ಮಾತಾಡಿಸುವವಳೂ ಅಲ್ಲ, ಅದೊಂದು ನಂಬಿಕೆ. ಹಾಗಾಗಿ ಗುಟ್ಟು ಇನ್ನೂ ಉಳಿದಿತ್ತು.

"ಆಸ್ಪತ್ರೆಯಿಂದ ಏನಾದ್ರೂ ಬಂತಾ?" ತುಟಿ ಅಲುಗಿಸದೆ ಕೇಳಿದಳು ಗ್ಲೆನಿಸ್.

"ಫೋನ್ ಆಫ್ ಮಾಡಿಟ್ಟಿದೀನಿ. ನಗ್ತಾ ಇರಿ ಮೇಡಂ."

ಹಿಂದಿನ ಸಾಲಿನಿಂದ ಒಬ್ಬಾಕೆ ಸ್ಟ್ರಾಬೆರಿಯ ಬಟ್ಟಲು ಮುಂದೆ ಚಾಚಿದಳು. "ಹುಡುಗಿ ಥೇಟ್ ನಿಮ್ಮ ಹಾಗೇ ಇದಾಳೆ ಕಣ್ರೀ!"

"ಆ ಮೂಗು ನಮ್ಮ ಮನೆತನದ್ದು," ಎಂದಳು ಗ್ಲೆನಿಸ್. ಹಣ್ಣೊಂದನ್ನು ತೆಗೆದುಕೊಂಡು ಮಡಿಲಲ್ಲೇ ಇಟ್ಟುಕೊಂಡಳು.

ಕ್ಯಾರಿಸ್ ಮೇಲೆ ನೋಡಿದಳು. ಪ್ರತಿ ಅಂಕಕ್ಕೂ ನೋಡುತ್ತಿದ್ದಳು; ಎಂದೂ ಇಷ್ಟು ಸಲ ನೋಡಿದವಳಲ್ಲ. ಗ್ಲೆನಿಸ್ ಮುಷ್ಟಿ ಬಿಗಿದು ತೋರಿಸಿದಳು. ಜನ ಹೋ ಎಂದರು.

ಗ್ಲೆನಿಸ್‌ಗೆ ಈಗ ಗೆಲುವಿನದೇ ಭಯ. ಗೆದ್ದವರು ಬೇಲಿ ಹತ್ತಿ, ಜನರ ನಡುವೆ ನುಗ್ಗಿ, ಮನೆಯವರನ್ನು ತಬ್ಬಿಕೊಳ್ಳಲು ಮೇಲೆ ಬರುತ್ತಾರೆ. ಕ್ಯಾರಿಸ್ ಕೂಡ ಬರುತ್ತಾಳೆ. ಮುಖಕ್ಕೆ ಮುಖ ತಂದ ಮೇಲೆ ಇವಳ ಹತ್ತಿರ ಏನನ್ನು ಮುಚ್ಚಿಡಲಾದೀತು? ಅದೂ ಇಡೀ ದೇಶ ಕಣ್ಣುಬಿಟ್ಟು ನೋಡುತ್ತಿರುವಾಗ! ಸೋತುಬಿಡು ಪುಟ್ಟೀ, ಎಂದಿತು ಮನಸ್ಸು. ಹಾಗೆ ಅಂದುಕೊಂಡದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಚೆಂಡು ಗೆರೆಯ ಮೇಲೆ ಬಿತ್ತು. ಎದುರಾಳಿ ರ‍್ಯಾಕೆಟ್ ಇಳಿಸಿದಳು. ಕ್ಯಾರಿಸ್ ಗೆದ್ದಿದ್ದಳು.

ಅವಳು ಕುಣಿಯಲಿಲ್ಲ, ಹುಲ್ಲಿನ ಮೇಲೆ ಉರುಳಲಿಲ್ಲ. ನೇರ ಓಡಿಬಂದು ಬೇಲಿ ಹತ್ತಿದಳು. ಗ್ಲೆನಿಸ್ ಹಿಂದೆ ಸರಿಯಲು ನೋಡಿದಳು, ಜಾಗವಿರಲಿಲ್ಲ. "ಏಳಿ, ಏಳಿ," ಎಂದು ಜೂಲಿಯನ್ ಬೆನ್ನಿಗೆ ಕೈಕೊಟ್ಟು ಎಬ್ಬಿಸಿದ. "ಈಗ ಬೇಕಾದ್ರೆ ಅಳಬಹುದು, ಚೆನ್ನಾಗಿರತ್ತೆ."

ಬೆವರಿದ ತೋಳುಗಳು ಅವಳನ್ನು ಬಿಗಿಯಾಗಿ ಹಿಡಿದವು. ಸುತ್ತ ಹಳದಿ ಟೋಪಿಗಳು ಆಕಾಶಕ್ಕೆ ಹಾರಿದವು. ಆ ಗದ್ದಲದಲ್ಲಿ ಕ್ಯಾರಿಸ್ ಅವಳ ಕಿವಿಗೆ ಬಾಯಿಟ್ಟಳು.

"ಅಮ್ಮ ಬೆಳಿಗ್ಗೆನೇ ಹೋಗ್ಬಿಟ್ಳು ಚಿಕ್ಕಮ್ಮಾ. ನಿನ್ನ ಫೋನ್ ಸಿಗ್ಲಿಲ್ಲ ಅಂತ ಆಸ್ಪತ್ರೆಯವರು ನನಗೇ ಮಾಡಿದ್ರು. ಮೇಲೆ ನೋಡಿದ್ರೆ ನೀನು ಅವಳ ಟೋಪಿ ಹಾಕ್ಕೊಂಡು ಕೂತಿದೀಯ... ನಿನಗೆ ಹೇಗೆ ಹೇಳ್ಲಿ ಅಂತ ಗೊತ್ತಾಗ್ದೆ ಆಡ್ತಾನೇ ಇದ್ದೆ."